ಅರ್ಥ ಕೇಳಿದ ತಾಯಿ

“ಅಕ್ಕಾರ, ಮನ್ಯಾಗ ಬಾಣಂತಿ ಅದಾಳ್ರಿ. ನನ್ನ ಮಗಳು ದಿನಾ ಹಾಡೋ ಹಾಡು ಒಳ್ಳೇದೋ, ಸತ್ತವರದೋ ಹೇಳ್ರಿ” ಎಂದು ವಿದ್ಯಾರ್ಥಿನಿಯೊಬ್ಬಳ ತಾಯಿ ತರಗತಿಯ ಬಾಗಿಲಲ್ಲೇ ನಿಂತು ಕೇಳಿದರು.

ಎಪ್ಪತ್ತರ ದಶಕದಲ್ಲಿ ನಾನು ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ಶಿಕ್ಷಕಿಯಾಗಿದ್ದೆ. ಶಿಬಿರವೊಂದರಲ್ಲಿ ಕಲಿತ ಬಂಗಾಲಿ ಜಾನಪದ ಗೀತೆಯನ್ನು ಶಾಲೆಯ ವಾರ್ಷಿಕೋತ್ಸವಕ್ಕೆ, ಅಂದರೆ ಗ್ಯಾದರಿಂಗ್‌ಗೆಂದು, ಹುಡುಗಿಯರಿಗೆ ಕಲಿಸುತ್ತಿದ್ದೆ. ಉಚ್ಚಾರ ತಿದ್ದಿ ತಿದ್ದಿ ಗಂಟಲು ಕಟ್ಟಿತ್ತು. ಹಾಡಿನ ತಾಳಕ್ಕೆ ಹುಡುಗಿಯರ ಚಪ್ಪಾಳೆ ಇನ್ನೂ ಕೂಡಿರಲಿಲ್ಲ. ಅದರ ನಡುವೆ ಇದೊಂದು ತಂಟೆ!

“ಏನೂ ಆಗೂದಿಲ್ಲ, ಹೋಗ್ರಿ” ಎಂದು ರೇಗಿದೆ.

“ಹಂಗಾರ ಅರ್ಥ ಏನ್ರಿ?”

ನನಗೇ ಗೊತ್ತಿರಲಿಲ್ಲ. ಶಿಬಿರದ ಗುರುಗಳಿಗೆ ಕಾಗದ ಬರೆದೆ. ಉತ್ತರ ಬಂತು: ನದಿಯಲ್ಲಿ ಮುಳುಗಿದ ಮಗನನ್ನು ತಾಯಿ ಕರೆಯುವ ಹಾಡದು. ಅದಕ್ಕೆ ಚಪ್ಪಾಳೆ ತಟ್ಟಿಸಲು ತಿಂಗಳಿಡೀ ಹೆಣಗಿದ್ದೆ.

ಗ್ಯಾದರಿಂಗ್‌ನಲ್ಲಿ ಅದನ್ನು ಹಾಡಿಸಲಿಲ್ಲ. ಆದರೆ ಕೂಸು ಮಲಗಿದ್ದ ಆ ಮನೆಗೆ ಹೋಗಿ ಅರ್ಥ ಹೇಳಲು ನನಗೆ ಕೊನೆಗೂ ಬಾಯಿ ಬರಲಿಲ್ಲ.