ಧರ್ಮದ ಕಪಾಟಿನ ಕಾಯ್ದೆ ಪುಸ್ತಕ

ಮೊನ್ನೆ ಟ್ರಂಕು ತೆಗೆದಾಗ ನುಸಿಗುಳಿಗೆಯ ವಾಸನೆ ಮುಖಕ್ಕೆ ಹೊಡೆಯಿತು. ಗುಡಗೇರಿಯ ವಾಚನಾಲಯದ ಕಪಾಟುಗಳಿಗೂ ಇದೇ ವಾಸನೆ. ಅಲ್ಲಿನ ಮಾಸ್ತರು ನೆನಪಾದರು. ಸಾಲಿ ಕಲಿಸಿದವರಲ್ಲ, ಪುಸ್ತಕ ಕೊಡುವವರನ್ನೂ ನಾವು ಮಾಸ್ತರೆಂದೇ ಕರೆಯುತ್ತಿದ್ದೆವು.

ಅದು ಎಪ್ಪತ್ತರ ದಶಕ. ನಮ್ಮ ಮನೆತನದಲ್ಲಿ ಬಿ.ಎ. ಆದವಳು ನಾನೊಬ್ಬಳೇ. ಅಪ್ಪ ತೀರಿದ ಮೇಲೆ ಯರಗುಪ್ಪಿಯ ಹೊಲದಲ್ಲಿ ಅವ್ವನಿಗೆ ಪಾಲಿಲ್ಲವೆಂದು ದೊಡ್ಡಪ್ಪ ಹಟ ಹಿಡಿದಿದ್ದ.

"ಶಾಸ್ತ್ರದಾಗ ಇಲ್ಲ. ನಿಮ್ಮ ಸರಕಾರದ ಕಾಯ್ದೆ ನನ್ನ ಹೊಸ್ತಿಲಾ ದಾಟಂಗಿಲ್ಲ!"

ಹಳೆಯ ಧರ್ಮಶಾಸ್ತ್ರದಿಂದ ದೇಶದ ಕಾಯ್ದೆಗೆ ಏನೇನು ಬಂತು, ಏನೇನನ್ನು ಬಿಟ್ಟರು ಎಂದು ತಿಳಿಸುವ ಪುಸ್ತಕವೊಂದು ವಾಚನಾಲಯದಲ್ಲಿತ್ತು. ವಿಧವೆಗೆ ಪಾಲುಂಟೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಹಿರಿಯರ ಮುಂದೆ ಓದಬೇಕೆಂದು ತರಲು ಹೋದರೆ, ಕಾಯ್ದೆಯ ಕಪಾಟಿನಲ್ಲಿ ಅದಿಲ್ಲ!

ದೊಡ್ಡಪ್ಪನೂ ಮಾಸ್ತರೂ ದಿನಾ ಒಂದೇ ಬಾಕಿನ ಮೇಲೆ ಕೂತು ಚಹಾ ಕುಡಿಯುವವರು. ನನಗೆ ಸಂಶಯ ಬರದೆ ಇರುತ್ತದೆಯೇ...

"ಎಲ್ಲಿ ಬಚ್ಚಿಟ್ಟೀರಿ?" ಎಂದು ಮಾಸ್ತರನ್ನೇ ಕೇಳಿದೆ.

"ಬಚ್ಚಿಡಾಕ ಅದೇನ್ ಬೆಲ್ಲೇನ್ ಬೇ? ಧರ್ಮದ ಕಪಾಟಿನಾಗೈತಿ. ಕೈ ತೊಳಕೊಂಡು ತಗೋ."

ಬೆನ್ನಿಗೆ 'ಧರ್ಮ' ಎಂದು ಬರೆದ ಹೊಸ ನಂಬರಿನ ಚೀಟಿ ಅಂಟಿಸಿಕೊಂಡು, ಪುಸ್ತಕ ಪುರಾಣಗಳ ನಡುವೆ ನಿಂತಿತ್ತು.

"ಕಾಯ್ದೆ ಪುಸ್ತಕ ಇಲ್ಲ್ಯಾಕ್ರಿ?"

"ಶಾಸ್ತ್ರದ ಮಾತೂ ಐತೆಲ್ಲ ಅದರಾಗ. ಇಲ್ಲೂ ನಡೀತೈತಿ." ಅಷ್ಟು ಹೇಳಿ ಮುಖ ತಿರುಗಿಸಿದರು. ನನ್ನ ಕಣ್ಣು ತಪ್ಪಿಸಲಿಕ್ಕೇ ಜಾಗ ಬದಲಿಸಿದ್ದಾರೆಂದು ನನಗೆ ಖಾತ್ರಿಯಾಯಿತು.

ಮಠದ ಕಟ್ಟೆಯ ಮೇಲೆ ಹಿರಿಯರು ಸೇರಿದರು. ದೊಡ್ಡಪ್ಪ ಪುಸ್ತಕ ಇಸಿದುಕೊಂಡು ಚೀಟಿ ನೋಡಿದ. ಧರ್ಮದ ಕಪಾಟಿನದೆಂದು ಗೊತ್ತಾದದ್ದೇ, ರೂಢಿಯಂತೆ ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡು ನನಗೆ ಕೊಟ್ಟ. ನಾನು ಓದಿದೆ. ವಿಧವೆಯ ಪಾಲಿನ ಮಾತು ಬಂದದ್ದೇ, "ಸುಳ್ಳದು!" ಎಂದು ಎದ್ದ.

"ಕಣ್ಣಿಗೊತ್ಕೊಂಡಿದ್ದನ್ನ ಸುಳ್ಳಂತೀಯೇನಲೇ?" ಎಂದರು ಹಿರಿಯರೊಬ್ಬರು.

ದೊಡ್ಡಪ್ಪ ಮತ್ತೆ ಕೂತ. ಅವ್ವನ ಪಾಲಿನ ಹೊಲ ಅವಳ ಹೆಸರಿಗಾಯಿತು.

ಮಾಸ್ತರಿಗೆ ನಾನು ಏನೂ ಹೇಳಲಿಲ್ಲ. ಅವರೂ ಕೇಳಲಿಲ್ಲ. ಮುಂದೆ ಅವರು ತೀರಿದಾಗ ಮಣ್ಣಿಗೆ ಹೋಗಿದ್ದೆ. ಮುದುಕನಾಗಿದ್ದ ದೊಡ್ಡಪ್ಪ ಬಾಜೂಕ್ಕೆ ಬಂದು ನಿಂತು, "ಆ ಪುಸ್ತಕ ಕಾಯ್ದೆ ಕಪಾಟಿನಾಗಿಂದ ತೆಗೀ ಅಂತ ನಾನಽ ಹೇಳಿದ್ದೆ," ಎಂದ. "ತೆಗದಾ... ತೆಗದು ಎಲ್ಲಿಟ್ಟಾ ನೋಡು!"

ಬೈದನೋ, ಮೆಚ್ಚಿದನೋ ತಿಳಿಯಲಿಲ್ಲ.

ಈಗ ಅವ್ವನೂ ಇಲ್ಲ, ದೊಡ್ಡಪ್ಪನೂ ಇಲ್ಲ. ಆ ಹೊಲದಲ್ಲಿ ನಾನೇ ಜೋಳ ಬಿತ್ತಿಸುತ್ತೇನೆ. ಮಾಸ್ತರು ಗೆಳೆಯನ ಮಾತು ನಡೆಸಿಕೊಟ್ಟರೋ, ನಮ್ಮ ಪಾಲು ಉಳಿಸಿಕೊಟ್ಟರೋ... ಒಳ್ಳೆಯವರಿದ್ದರು ಎಂದು ಬಾಯಿತುಂಬ ಹೇಳಲು ಇವತ್ತಿಗೂ ನನ್ನಿಂದ ಆಗುವುದಿಲ್ಲ. ಕೇಳೋಣವೆಂದರೆ ಅವರಿಲ್ಲ.