ದಿನಕ್ಕೆ ಎರಡೇ ಪೀರಿಯಡ್

ಜೂನ್ ತಿಂಗಳಿಡೀ ಅವರ ಬಲ ಅಂಗೈಯ ಅಂಚು ಬೂದಾಗಿ ಹೊಳೆಯುತ್ತಿತ್ತು. ಪೆನ್ಸಿಲ್ ಗೆರೆಗಳ ಮೇಲೆ ಕೈ ಉಜ್ಜಿ ಉಜ್ಜಿ ಬಂದ ಬಣ್ಣ ಅದು. ನಿಟ್ಟೂರು ಹತ್ತಿರದ ನಮ್ಮ ಹೈಸ್ಕೂಲಿನ ಟೈಮ್‌ಟೇಬಲ್ ಹಾಕುತ್ತಿದ್ದವರು ಅವರೇ, ಸಮಾಜ ವಿಜ್ಞಾನದ ಹಿರಿಯ ಮೇಷ್ಟ್ರು. ಆಫೀಸಿನ ಕಂಪ್ಯೂಟರನ್ನು ಮುಟ್ಟುತ್ತಿರಲಿಲ್ಲ. ಡ್ರಾಯಿಂಗ್ ಶೀಟು, ಸ್ಕೇಲು, ರಬ್ಬರು, ಜೊತೆಗೆ ಮಾತಿಗೆ ಮುಂಚೆ ಎರಡು ಸಲ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ. ಇಷ್ಟೇ ಅವರ ಸರಂಜಾಮು.

ಅವರು ಯಾರಿಗೂ ಸಡಿಲಿಸದ ಕಟ್ಟಳೆ ಒಂದಿತ್ತು. ಯಾವ ಟೀಚರೂ ಒಂದು ಕ್ಲಾಸಿಗೆ ದಿನಕ್ಕೆ ಎರಡು ಪೀರಿಯಡ್‌ಗಿಂತ ಹೆಚ್ಚು ಹೋಗುವಂತಿಲ್ಲ. ಹೆಡ್‌ಮಾಸ್ಟರ್ ಗೋಗರೆದರೂ ಜಗ್ಗುತ್ತಿರಲಿಲ್ಲ. ಆಗ ನಾನು ಹೊಸ ಗಣಿತದ ಟೀಚರ್, ತುಮಕೂರಿನಿಂದ ದಿನಾ ರೈಲಿನಲ್ಲಿ ಬರುತ್ತಿದ್ದೆ. ಪಕ್ಕ ಕೂತು ಗೆರೆ ಎಳೆದುಕೊಡುತ್ತಿದ್ದವಳೂ ನಾನೇ. ಇದು ಮುದುಕರ ಹಟ ಎಂದುಕೊಂಡಿದ್ದೆ. ಒಂದು ದಿನ ಕೇಳಿಯೂ ಬಿಟ್ಟೆ.

"ಕುಣಿಗಲ್ ಕಡೆ ಇದ್ದಾಗ ಹತ್ನೇ ಕ್ಲಾಸ್‌ಗೆ ದಿನಾ ಐದೈದು ಪೀರಿಯಡ್ ತಗೊಂಡೆ ಕಣಮ್ಮ," ಎಂದರು. "ಒಂದಿನ ಬಾಗ್ಲತ್ರ ಬಂದೆ. ಒಳ್ಗೆ ಯಾರೋ ಗಂಟ್ಲು ಸರಿ ಮಾಡ್ಕೊಂಡ್ರು. ಎರಡು ಸಲ. ಆಮೇಲೆ ಪಕ್ಕದೋನು. ಆಮೇಲೆ ಇಡೀ ಕ್ಲಾಸು. ಅಣಕಿಸ್ತಾವೆ ಅನ್ಕೊಂಡು ಬೆತ್ತ ಎತ್ತಿದೆ. ಮಕ್ಳು ಹೆದರ್ಕೊಂಡು ನೋಡಿದ್ವು. ತಾವೇನ್ ಮಾಡಿದ್ವಿ ಅಂತ ಅವಕ್ಕೇ ಗೊತ್ತಿಲ್ಲ."

ನಾನು ನಕ್ಕೆ. ಅವರು ನಗಲಿಲ್ಲ. "ಮೂರನೇದು ಬ್ಯಾಡ ಬುಡಮ್ಮ. ಆಮೇಲಿಂದು ಪಾಠ ಅಲ್ಲ," ಎಂದು ರಬ್ಬರು ಕೈಗೆತ್ತಿಕೊಂಡರು.

ನಾನು ಸೇರಿದ ಮೂರನೇ ವರ್ಷ, ಜನವರಿಯಲ್ಲಿ, ಮೇಷ್ಟ್ರು ಉಸಿರಾಟದ ತೊಂದರೆಯಿಂದ ತುಮಕೂರಿನ ಆಸ್ಪತ್ರೆ ಸೇರಿದರು. ಅದೇ ವಾರ ವಿಜ್ಞಾನದ ಟೀಚರ್ ಹೆರಿಗೆ ರಜೆ ಹಾಕಿದರು. ಪರೀಕ್ಷೆ ಎದುರಿಗಿತ್ತು. ಹೆಡ್‌ಮಾಸ್ಟರ್ ಶೀಟನ್ನು ನನ್ನ ಕೈಗೆ ಕೊಟ್ಟರು. ಹತ್ತನೇ ತರಗತಿಯ ಖಾಲಿ ಚೌಕಗಳಲ್ಲೆಲ್ಲ ನನ್ನ ಹೆಸರೇ ಬರೆದುಕೊಂಡೆ. ದಿನಕ್ಕೆ ನಾಲ್ಕು ಪೀರಿಯಡ್. ಒಳ್ಳೆ ರಿಸಲ್ಟ್ ತಂದು ತೋರಿಸುವ ಹುಮ್ಮಸ್ಸು, ಸುಳ್ಳು ಯಾಕೆ ಹೇಳಲಿ.

ಎರಡನೇ ಬೆಂಚಿನಲ್ಲಿ ಒಬ್ಬ ಹುಡುಗಿ ಇದ್ದಳು. ನಾನು ಯಾವ ಲೆಕ್ಕ ಬಿಡಿಸಿದರೂ "ಮೇಡಂ, ಹಿಂಗೂ ಮಾಡ್ಬೋದಲ್ವಾ?" ಎಂದು ಎದ್ದು ನಿಲ್ಲುವಳು. ಎಷ್ಟೋ ಸಲ ಅವಳ ದಾರಿಯೇ ನನ್ನದಕ್ಕಿಂತ ಹತ್ತಿರವಾಗಿರುತ್ತಿತ್ತು. ಎರಡನೇ ವಾರಕ್ಕೆ ಅವಳು ಏಳುವುದು ನಿಂತಿತು. ಕ್ಲಾಸು ಗಪ್‌ಚಿಪ್. ನನಗೆ ಖುಷಿಯೇ ಆಯಿತು.

ಒಂದು ಗುರುವಾರ, ಆ ದಿನದ ನನ್ನ ನಾಲ್ಕನೇ ಪೀರಿಯಡ್. ಏಳೆಂಟ್ಲ ಐವತ್ತನಾಲ್ಕು ಎಂದು ಬೋರ್ಡಿನ ಮೇಲೆ ತಪ್ಪಾಗಿ ಬರೆದಿದ್ದೆ. ಯಾರೂ ತುಟಿ ಬಿಚ್ಚಲಿಲ್ಲ. ಬೆಂಚುಗಳ ನಡುವೆ ನಡೆದು ನೋಡಿದರೆ ಎಲ್ಲ ನೋಟ್‌ಬುಕ್ಕಿನಲ್ಲೂ ಐವತ್ತನಾಲ್ಕೇ. ಯೋಚಿಸುವಾಗ ಎಡಗಿವಿಯ ಓಲೆ ತಿರುವುವುದು ನನ್ನ ಅಭ್ಯಾಸ. ಕೈ ಎತ್ತಬೇಕು ಅನ್ನುವಷ್ಟರಲ್ಲಿ ಸುತ್ತಲಿದ್ದ ಮೂವತ್ತೆಂಟು ಮಕ್ಕಳ ಕೈಯೂ ಎಡಗಿವಿಯಲ್ಲಿತ್ತು. ಗಂಡುಹುಡುಗರು ಕೂಡ ಬರೀ ಕಿವಿಯಲ್ಲಿ, ಇಲ್ಲದ ಓಲೆಯನ್ನು ಮೆಲ್ಲಗೆ ತಿರುವುತ್ತಿದ್ದರು.

ಏನಿದು ಎಂದು ಕೇಳಲು ಬಾಯಿ ತೆರೆದೆ. ನನ್ನ ಮಾತು ಹೊರಡುವ ಮುಂಚೆಯೇ ಎರಡನೇ ಬೆಂಚಿನಿಂದ "ಏನಿದು?" ಎಂದು ಕೇಳಿಸಿತು. ಅಂದದ್ದು ಆ ಹುಡುಗಿ. ದನಿ ನನ್ನದು.

ಸಂಜೆ ರೈಲಿಳಿದು ನೇರ ಆಸ್ಪತ್ರೆಗೆ ಹೋದೆ. ಮೇಷ್ಟ್ರು ಮೂಗಿಗೆ ಆಕ್ಸಿಜನ್ ಹಾಕಿಸಿಕೊಂಡು ದಿಂಬಿಗೆ ಒರಗಿದ್ದರು. ಪೂರ್ತಿ ಕೇಳಿದರು, ಬೈಯಲಿಲ್ಲ.

"ಆ ಹುಡ್ಗಿ ತಾನಾಗೆ ಏನಾರಾ ಮಾತಾಡಿದ್ಲಾ?"

"ಇಲ್ಲ ಸಾರ್. ಮೊದ್ಲಿನ ಹಾಗೆ ಆಗ್ತಾಳಾ?"

"ಶೀಟ್ ತಂದಿದೀಯಾ?"

ತಂದಿದ್ದೆ. ನನ್ನ ಹೆಸರನ್ನು ಅವರೇ ರಬ್ಬರಿನಿಂದ ಅಳಿಸಿದರು. ಪ್ರತಿ ಚೌಕಕ್ಕೂ ನಿಂತು ಉಸಿರು ಎಳೆದುಕೊಳ್ಳುತ್ತಿದ್ದರು. "ಇಲ್ಲಿ ಆಟ ಹಾಕು. ಇಲ್ಲಿ ಕನ್ನಡ. ಇಲ್ಲಿ ಯಾರ್ನೂ ಹಾಕ್ಬ್ಯಾಡ, ಮರದ ಕೆಳ್ಗೆ ಅವ್ರ ಪಾಡಿಗೆ ಓದ್ಕೊಳ್ಲಿ." ಹೇಳಿದಂತೆ ಬರೆದೆ. ಹೊರಡುವಾಗ ಕರೆದು, "ಅವ್ಳು ನಿಂಗೆ ತಪ್ಪು ಅಂದ ದಿನ ನಂಗೆ ಬಂದು ಹೇಳು," ಎಂದರು.

ಅವರು ಭಾನುವಾರ ತೀರಿಕೊಂಡರು.

ಅವಳು ಅಂದದ್ದು ಮುಂದಿನ ಶುಕ್ರವಾರ. "ಮೇಡಂ, ತಪ್ಪು. ಮೈನಸ್ ಬಿಟ್ಟಿದೀರ." ಅವಳದೇ ಕೀರಲು ದನಿ. ನಾನು ಬೋರ್ಡಿನ ಕಡೆ ಮುಖ ಮಾಡಿ ಅತ್ತುಬಿಟ್ಟೆ. ಆ ಹುಡುಗಿಯನ್ನು ಅವಳಿಗೇ ವಾಪಸ್ ಕೊಡಿಸಿದವರು ಅವರು. ಓಡಿಹೋಗಿ ಹೇಳೋಣವೆಂದರೆ ಅವರಿಲ್ಲ.

ಈಗ ಟೈಮ್‌ಟೇಬಲ್ ನಾನೇ ಹಾಕುತ್ತೇನೆ, ಪೆನ್ಸಿಲ್ಲಿನಲ್ಲೇ. ಮೊನ್ನೆ ಹೊಸ ಇಂಗ್ಲಿಷ್ ಟೀಚರ್ ಬಂದು ಹತ್ತನೇ ತರಗತಿಗೆ ದಿನಾ ಇನ್ನೊಂದು ಪೀರಿಯಡ್ ಕೊಡಿ ಎಂದಳು.

"ಮೂರನೇದು ಬ್ಯಾಡ ಬುಡಮ್ಮ," ಎಂದೆ. ತುಮಕೂರು ಪೇಟೆಯಲ್ಲಿ ಹುಟ್ಟಿ ಬೆಳೆದ ನಾನು ಯಾವತ್ತೂ ಹಾಗೆ ಮಾತಾಡಿದವಳಲ್ಲ. ಮೂರು ಜೂನ್ ಅವರ ಪಕ್ಕ ಕೂತಿದ್ದೆ. ದಿನಕ್ಕೆ ಎಷ್ಟು ಹೊತ್ತು ಎಂದು ಯಾರೂ ನೋಡಿಕೊಂಡಿರಲಿಲ್ಲ.

ಆಕೆ ನನ್ನನ್ನೇ ನೋಡುತ್ತಿದ್ದಳು. "ಗಂಟಲು ನೋವಾ ಮೇಡಂ? ಮಾತಾಡೋಕ್ ಮುಂಚೆ ಎರಡೆರಡು ಸಲ ಸರಿ ಮಾಡ್ಕೊಳ್ತೀರ."