ಎಡಗೈಯ ಕಿರುಬೆರಳು

ನಮ್ಮ ಲೋಡಿಂಗ್ ಫೋರ್ಮನ್ನರ ಬೆರಳ ತುದಿಗಳು ಹೊಳೆಕಲ್ಲಿನಷ್ಟು ನುಣುಪು. ದುಬೈಯ ಜೆಬೆಲ್ ಅಲಿಯ ಗೋದಾಮುಗಳಲ್ಲಿ ಇಪ್ಪತ್ತೆಂಟು ವರ್ಷ ಪೆಟ್ಟಿಗೆ, ಗೋಣಿ, ಕಬ್ಬಿಣದ ಪಟ್ಟಿ ಎತ್ತಿ ಎತ್ತಿ ಗೆರೆಗಳೆಲ್ಲ ಸವೆದುಹೋಗಿದ್ದವು. ನಾನು ಅಲ್ಲಿ ಟೈಮ್‌ಕೀಪರ್. ಬೆಳಿಗ್ಗೆ ಎಲ್ಲರೂ ಬೆರಳು ಒತ್ತಿ ಒಳಗೆ ಹೋಗುವ ಹಾಜರಿ ಮಷಿನ್ನು ನನ್ನ ಸುಪರ್ದಿಯಲ್ಲಿತ್ತು. ಅದು ಫೋರ್ಮನ್ನರನ್ನು ಮಾತ್ರ ಗುರುತಿಸುತ್ತಿರಲಿಲ್ಲ. ಒಂದು ದಿನ ತಲೆಕೆಟ್ಟು ಅವರ ಹತ್ತೂ ಬೆರಳು ಒತ್ತಿಸಿ ನೋಡಿದೆ. ಭಾರ ಬೀಳದ ಒಂದೇ ಒಂದು ಬೆರಳು, ಎಡಗೈಯ ಕಿರುಬೆರಳು, ಮಷಿನ್ನನ್ನು 'ಟೀಂ' ಅನ್ನಿಸಿತು. ಅಂದಿನಿಂದ ದಿನಾ ಅದನ್ನೇ ಒತ್ತಿ, ಎದೆಯುಬ್ಬಿಸಿ "ಹಾಜಿರ್!" ಎನ್ನುತ್ತಿದ್ದರು. ಅರಬಿಯೋ ಹಿಂದಿಯೋ, ನಮ್ಮ ಹಾಜರಿಯ ನೆಂಟನೇ ಆ ಮಾತು.

ಪಶ್ಚಿಮ ಆಫ್ರಿಕದ ಒಂದು ಸಣ್ಣ ದೇಶದವರು. ನನಗಿಂತ ಹದಿನಾರು ವರ್ಷ ದೊಡ್ಡವರು. ಅರ್ಧ ಅರಬಿ ಸೇರಿದ ಗಲ್ಫ್ ಹಿಂದಿ ಮಾತಾಡುತ್ತಿದ್ದರು. ಮಂಗಳೂರು ಕಡೆಯ ನಮ್ಮಿಂದ "ಮಾರಾಯ್ರೆ" ಕಲಿತು ಎಲ್ಲದಕ್ಕೂ ಅಂಟಿಸುತ್ತಿದ್ದರು. ಹೊಸಬರಿಗೆ ಅವರ ಪಾಠ ಒಂದೇ: "ಮೊಣಕಾಲಲ್ಲಿ ಎತ್ತು ಮಾರಾಯ್ರೆ. ಸೊಂಟವನ್ನು ಊರಿಗೆ ವಾಪಸ್ ತಗೊಂಡು ಹೋಗ್ಲಿಕ್ಕುಂಟು." ಇಷ್ಟೆಲ್ಲ ಜೋರಿದ್ದ ಮನುಷ್ಯ ಯೂನಿಫಾರ್ಮು ಕಂಡರೆ ಮಾತ್ರ ಬಾಯಿ ಮುಚ್ಚುತ್ತಿದ್ದರು. ಗೇಟಿನ ಸೆಕ್ಯುರಿಟಿ ಹುಡುಗ ರೇಗಿದರೂ ತಲೆ ತಗ್ಗಿಸಿ ನಿಲ್ಲುತ್ತಿದ್ದರು. ನನಗೆ ಅದು ಕಂಡರೆ ಮೈ ಉರಿಯುತ್ತಿತ್ತು.

ಅವರ ದೇಶದಲ್ಲಿ ಸೈನ್ಯ ಅಧಿಕಾರ ಹಿಡಿದು ಕುಳಿತು ವರ್ಷಗಳಾಗಿದ್ದವು. ಇನ್ನು ಜನರ ಸರಕಾರ ಬರಲಿ ಎಂದು ಚುನಾವಣೆ ಸಾರಿದರು. ಹೊರದೇಶದಲ್ಲಿರುವವರೂ ಹೆಸರು ನೋಂದಾಯಿಸಿದರೆ ರಾಯಭಾರ ಕಚೇರಿಯಲ್ಲಿ ಓಟು ಹಾಕಬಹುದಂತೆ. ಫೋರ್ಮನ್ನರು ಜೀವಮಾನದಲ್ಲಿ ಓಟು ಹಾಕಿದವರಲ್ಲ. ಮದುಮಗನ ಹಾಗೆ ಸಡಗರಪಟ್ಟರು.

"ಎಂತ ಫೋರ್ಮನ್, ಈ ಪ್ರಾಯದಲ್ಲಿ ನಿಮ್ಗೆ ಯಾಕೆ ಈ ಉಸಾಬರಿ? ಕೋವಿ ಹಿಡಿದವ ಕುರ್ಚಿ ಬಿಡ್ತಾನಾ?" ಎಂದು ನಾನು ಗೇಲಿ ಮಾಡಿದೆ.

"ನೀವು ಎಷ್ಟು ಸಲ ಹಾಕಿದ್ದೀರಿ, ಭಾಯ್?"

ನನಗೆ ನಲವತ್ತು ದಾಟಿತ್ತು. ಒಮ್ಮೆಯೂ ಹಾಕಿರಲಿಲ್ಲ. ಓಟಿಗಾಗಿ ಯಾರು ವಿಮಾನ ಹತ್ತುತ್ತಾರೆ? ಮಾತು ಮರೆಸಿದೆ.

ಒಂದು ಶನಿವಾರ ರಜೆ ಹಾಕಿ, ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ ತೊಟ್ಟು, ಬಸ್ಸು ಹತ್ತಿ ಅಬುಧಾಬಿಯ ರಾಯಭಾರ ಕಚೇರಿಗೆ ಹೆಸರು ಬರೆಸಲು ಹೋದರು. ಸಂಜೆ ಕ್ಯಾಂಪಿಗೆ ಬಂದಾಗ ಮುಖ ಬಾಡಿತ್ತು. "ಮಾಫಿ, ಭಾಯ್, ಆಗಲಿಲ್ಲ. ಅಲ್ಲಿಯ ಮಷಿನ್ನು ಕೂಡ ನಾನಿಲ್ಲ ಅನ್ನುತ್ತೆ." ಹೆಬ್ಬೆರಳು, ತೋರುಬೆರಳು ಒತ್ತಿಸಿ, ಗುರುತು ಸಿಗುವುದಿಲ್ಲವೆಂದು ಗುಮಾಸ್ತ ಕಳುಹಿಸಿಬಿಟ್ಟಿದ್ದ.

"ಕಿರುಬೆರಳು ಉಂಟಲ್ಲ! ಹೇಳ್ಲಿಕ್ಕೆ ಎಂತ ದಾಡಿ ನಿಮ್ಗೆ?" ಎಂದು ಕಿರುಚಿದೆ.

"ಅವರು ಆಫೀಸರು, ಭಾಯ್. ನಮ್ಮಲ್ಲಿ ಆಫೀಸರಿಗೆ ಎದುರು ಹೇಳಿದವರನ್ನು ನಾನು ನೋಡಿದ್ದೇನೆ. ಆಮೇಲೆ ಅವರನ್ನು ಯಾರೂ ನೋಡಲಿಲ್ಲ."

ನನ್ನ ಕೋಪ ಇಳಿದುಹೋಯಿತು. ಮರುದಿನವೇ ನೋಂದಣಿಯ ಕೊನೆಯ ದಿನ. ನನ್ನ ಹಳೇ ಕಾರಿನಲ್ಲಿ ಕೂರಿಸಿಕೊಂಡು ಹೋದೆ.

ಅವರ ಭಾಷೆ ನನಗೆ ತಿಳಿಯದು. ಹಿಂದಿನ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದೆ. ಅದೇ ಗುಮಾಸ್ತ ಮತ್ತೆ ಹೋಗು ಎಂದು ಕೈ ಬೀಸಿದ. ಫೋರ್ಮನ್ನರು ತಲೆ ತಗ್ಗಿಸಿದರು. ಮುಗಿಯಿತು ಅಂದುಕೊಂಡೆ. ಆಗ ಅವರ ಎಡಗೈ ಮೇಲೆದ್ದಿತು, ಕಿರುಬೆರಳು ನೆಟ್ಟಗೆ. ನಮ್ಮೂರ ಶಾಲೆಯಲ್ಲಿ ಹಾಗೆ ಎತ್ತಿದರೆ ಮೇಷ್ಟ್ರು ಒಂದಕ್ಕೆ ಬಿಡುತ್ತಿದ್ದರು. ಆ ಹೆದರಿಕೆಯಲ್ಲೂ ನನಗೆ ನಗು ಬಂತು. ಗುಮಾಸ್ತ ಗದರಿದ. ಇವರ ಬೆರಳು ಇಳಿಯಲಿಲ್ಲ, ಕಾಲು ಕದಲಲಿಲ್ಲ. ಸಾಲಿನಲ್ಲಿದ್ದವರು ಗುಸುಗುಟ್ಟಿದರು. ಒಳಗಿನಿಂದ ಹಿರಿಯ ಅಧಿಕಾರಿಯೊಬ್ಬರು ಬಂದು, ಕೇಳಿ, ತಲೆಯಾಡಿಸಿದರು.

ಟೀಂ!

"ಹಾಜಿರ್!" ಎಂದು ಅವರು ಕೂಗಿದ್ದು ಹೊರಗಿನ ರಸ್ತೆಗೂ ಕೇಳಿಸಿರಬೇಕು. ನಾನು ಅತ್ತುಬಿಟ್ಟೆ, ಹೇಳಲು ನನಗೇನೂ ನಾಚಿಕೆಯಿಲ್ಲ.

ಓಟಿನ ದಿನವೂ ಅದೇ ಬೆರಳು ಒತ್ತಿ, ಅದಕ್ಕೇ ಶಾಯಿ ಹಾಕಿಸಿಕೊಂಡು ಬಂದರು. ಮರುದಿನ ಬೆಳಿಗ್ಗೆ ಶಾಯಿ ಬಡಿದ ಬೆರಳನ್ನು ನಮ್ಮ ಮಷಿನ್ನು ಒಪ್ಪಲಿಲ್ಲ! ಮ್ಯಾನೇಜರ್ ಗೊಣಗಿದರೂ ಶಾಯಿ ಅಳಿಯುವವರೆಗೆ ನಾನೇ ಪೆನ್ನು ಹಿಡಿದು ಅವರ ಹಾಜರಿ ಬರೆದೆ. ನನ್ನ ನೌಕರಿಯಲ್ಲಿ ಅಷ್ಟು ಖುಷಿಯಿಂದ ಮಾಡಿದ ಕೆಲಸ ಬೇರೆ ಇಲ್ಲ.

ಅವರ ಅಭ್ಯರ್ಥಿ ಸೋತ. ಸಮಾಧಾನ ಹೇಳಲು ಹೋದರೆ ಅವರೇ ನಕ್ಕರು. "ಸೋಲಲಿ ಮಾರಾಯ್ರೆ. ಎಣಿಸುವಾಗ ನನ್ನನ್ನೂ ಸೇರಿಸಿ ಎಣಿಸಿದರಲ್ಲ!" ಕೆಲವು ತಿಂಗಳಲ್ಲಿ ವೀಸಾ ಮುಗಿಸಿ, ನೆಟ್ಟಗಿನ ಸೊಂಟದೊಡನೆ ಊರಿಗೆ ಹೋದರು.

ನಮ್ಮ ಕಡೆ ಚುನಾವಣೆ ಬಂದಾಗ ನಾನು ಟಿಕೆಟ್ ತೆಗೆದೆ. ಬಂಟ್ವಾಳದ ಮನೆಯ ಬಾಗಿಲಲ್ಲಿ ಮಗನನ್ನು ಕಂಡು ಉಮ್ಮ ಬೆರಗಾಗಿ ಕೇಳಿದರು, "ಯಾರದ್ದಾದ್ರೂ ಮದುವೆ ಉಂಟಾ ಮೋನೆ?"

"ಇಲ್ಲ ಉಮ್ಮ, ಓಟು."

ನನಗೆ ನಾಚಿಕೆ ಹುಟ್ಟಿಸಿ ಮತಗಟ್ಟೆಯವರೆಗೆ ನಡೆಸಿದವರು ಫೋರ್ಮನ್ನರೇ. ಆ ಋಣ ತೀರುವಂಥದ್ದಲ್ಲ. ಶಾಯಿ ಹಚ್ಚಿದ ನನ್ನ ತೋರುಬೆರಳಿನ ಫೋಟೊ ಅವರಿಗೆ ಕಳುಹಿಸಿದೆ. ಸ್ವಲ್ಪ ಹೊತ್ತಿಗೇ ಫೋನಿನಲ್ಲಿ ಅವರ ಧ್ವನಿ ಸಂದೇಶ ಬಂತು. ಮೊದಲು ಉದ್ದಕ್ಕೆ ನಗು. "ಬೆರಳು ತಪ್ಪಾಯ್ತಲ್ಲ ಮಾರಾಯ್ರೆ!" ಆಮೇಲೆ ತಾವೇ ಟೈಮ್‌ಕೀಪರ್ ಎಂಬಂತೆ ಹೇಳಿದರು, "ಪರವಾಗಿಲ್ಲ, ಬರಕೊಂಡೆ. ನಮ್ಮ ಭಾಯ್, ಹಾಜಿರ್."